ನಾವು ಕಪ್ಪುಕುಳಿಯೊಳಗೆ ಇದ್ದೇವೆಯೇ? ಒಂದು ಲೆಕ್ಕ ತಾಳೆಯಾದದ್ದೇಕೆ?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಕೆಲವು ವಾರಗಳ ಹಿಂದೆ ಒಂದು ವಿಡಿಯೋ ನೋಡಿದಳು. ನಮ್ಮ ಇಡೀ ವಿಶ್ವ ಒಂದು ದೊಡ್ಡ ಕಪ್ಪುಕುಳಿಯ ಒಳಗಿದೆ, ಅದಕ್ಕೆ ಹೊಸ ದೂರದರ್ಶಕದಿಂದ ಸಾಕ್ಷ್ಯವೂ ಸಿಕ್ಕಿದೆ, ಇದು ಸಾಲದೆಂಬಂತೆ ಆಕಾಶಗಂಗೆಯ ನಡುವಿನ ಕಪ್ಪುಕುಳಿ ಸುತ್ತಲಿನದನ್ನೆಲ್ಲ ಒಂದೊಂದಾಗಿ ನುಂಗುತ್ತಿದೆ ಎಂದು ಅದರಲ್ಲಿ ಹೇಳಿದ್ದರಂತೆ. ಅಂದಿನಿಂದ ಅವಳಿಗೆ ರಾತ್ರಿ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ನಾನು ಎಂಜಿನಿಯರಿಂಗ್ ಓದಿದವನು. ಅದೆಲ್ಲ ಸುಳ್ಳೆಂದು ತೋರಿಸಲು ಅವಳ ಎದುರಿಗೇ ಲೆಕ್ಕ ಮಾಡಲು ಕುಳಿತೆ. ವಿಶ್ವದಲ್ಲಿರುವ ದ್ರವ್ಯವೆಲ್ಲ ಸೇರಿ ಸುಮಾರು 10ರ ಘಾತ 53 ಕಿಲೋಗ್ರಾಂ ಎಂದು ಎಲ್ಲೋ ಓದಿದ್ದೆ. ಅದನ್ನು ಕಪ್ಪುಕುಳಿಯ ತ್ರಿಜ್ಯದ ಸೂತ್ರಕ್ಕೆ ಹಾಕಿದಾಗ ಸುಮಾರು 1,570 ಕೋಟಿ ಜ್ಯೋತಿರ್ವರ್ಷ ಎಂಬ ಉತ್ತರ ಬಂತು. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಎರಡೂ ಹೆಚ್ಚುಕಡಿಮೆ ಒಂದೇ! ಅವಳ ಭಯ ಕಳೆಯಲು ಹೋಗಿ ಈಗ ನಾನೇ ಗೊಂದಲಕ್ಕೆ ಬಿದ್ದಿದ್ದೇನೆ. ಇದು ಕಾಕತಾಳೀಯವೇ? ನಾವು ನಿಜಕ್ಕೂ ಕಪ್ಪುಕುಳಿಯೊಳಗಿದ್ದರೆ ನಮ್ಮ ಗತಿ ಏನು? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಆತಂಕಗಳು ಹೆಣೆದುಕೊಂಡಿವೆ. ಆಕಾಶಗಂಗೆಯ ನಡುವಿನ ಕಪ್ಪುಕುಳಿ ಒಂದು ದಿನ ನಮ್ಮನ್ನು ನುಂಗುತ್ತದೆ ಎಂಬುದು ಮೊದಲನೆಯದು. ಅದು ನಡೆಯುವುದಿಲ್ಲ ಎಂದು ಯಾವ ಅಳುಕೂ ಇಲ್ಲದೆ ಹೇಳಬಲ್ಲೆ. ಇಡೀ ವಿಶ್ವವೇ ಒಂದು ಕಪ್ಪುಕುಳಿಯ ಒಡಲಲ್ಲಿದೆ ಎಂಬುದು ಎರಡನೆಯದು. ವಿಡಿಯೋದಲ್ಲಿ ಹೇಳಿರುವ ಅರ್ಥದಲ್ಲಿ ಅದು ಸರಿಯಲ್ಲ, ಆದರೆ ಅದರ ಹಿಂದೆ ಗಂಭೀರ ವಿಜ್ಞಾನಿಗಳು ಕೈಹಾಕಿದ ಒಂದು ವಿಚಾರವಿದೆ ಎಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮೂರನೆಯದು ನಿಮ್ಮ ಲೆಕ್ಕ. ಮಗಳಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಡುತ್ತಿರುವುದು ಅದೇ ಎಂದು ನನಗೆ ತೋರುತ್ತದೆ. ನಿಮ್ಮ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿಲ್ಲ. ಆದರೆ ಅದು ತಾಳೆಯಾದದ್ದು ನೀವು ಊಹಿಸಿದ ಕಾರಣಕ್ಕಲ್ಲ, ಮತ್ತು ಆ ನಿಜವಾದ ಕಾರಣ ವಿಶ್ವದ ಬಗ್ಗೆ ನಮಗೆ ತಿಳಿದಿರುವ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು. ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ನುಂಗುವ ವಿಚಾರ. ಕಪ್ಪುಕುಳಿ ಸುತ್ತಲಿನ ವಸ್ತುಗಳನ್ನು ಎಳೆದು ಹೀರಿಕೊಳ್ಳುವ ಯಂತ್ರ ಎಂಬ ಚಿತ್ರ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ನಾನು ಉಪನ್ಯಾಸ ಮುಗಿಸಿದ ಮೇಲೆ ಮಕ್ಕಳು ಕೇಳುವ ಮೊದಲ ಪ್ರಶ್ನೆ ಬಹುತೇಕ ಯಾವಾಗಲೂ ಇದೇ ಆಗಿರುತ್ತದೆ. ದೂರದಿಂದ ನೋಡಿದರೆ ಕಪ್ಪುಕುಳಿಯ ಗುರುತ್ವಕ್ಕೂ ಅಷ್ಟೇ ದ್ರವ್ಯರಾಶಿಯ ನಕ್ಷತ್ರದ ಗುರುತ್ವಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಸೂರ್ಯನನ್ನು ತೆಗೆದು ಅದೇ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನು ಇಟ್ಟರೆ, ಅದರ ತ್ರಿಜ್ಯ ಕೇವಲ 3 ಕಿಲೋಮೀಟರ್ ಇರುತ್ತದೆ. ಭೂಮಿ ಕತ್ತಲಲ್ಲಿ ಮುಳುಗಿ ಹೆಪ್ಪುಗಟ್ಟುತ್ತದೆ, ಆದರೆ ಇಂದು ಸುತ್ತುತ್ತಿರುವ ಕಕ್ಷೆಯಲ್ಲೇ ಸುತ್ತುತ್ತಿರುತ್ತದೆ. ಅಂಥ ಕುಳಿಯೊಳಗೆ ಬೀಳಬೇಕಾದರೆ ಭೂಮಿ ತನ್ನ ಅಡ್ಡವೇಗವನ್ನು ಕಳೆದುಕೊಳ್ಳಬೇಕು, ಮತ್ತು ಖಾಲಿ ಆಕಾಶದಲ್ಲಿ ಅದನ್ನು ಕಳೆಯುವಂಥದ್ದು ಏನೂ ಇಲ್ಲ. ನಿಜವಾದ ಕಪ್ಪುಕುಳಿಗಳಿಗೆ ಅನಿಲ ಬೀಳುವುದು ಉಂಟು, ಅದಕ್ಕೆ ಕಾರಣ ಅನಿಲದ ಪದರಗಳು ಒಂದಕ್ಕೊಂದು ಉಜ್ಜಿ, ಕಾಂತಕ್ಷೇತ್ರಗಳಿಗೆ ಸಿಕ್ಕಿ, ತಮ್ಮ ಸುತ್ತುವಿಕೆಯನ್ನು ನಿಧಾನವಾಗಿ ಹೊರಗಿನ ಪದರಗಳಿಗೆ ಬಿಟ್ಟುಕೊಡುವುದು. ಹಾಗೆ ಸುರುಳಿ ಸುತ್ತುತ್ತಾ ಇಳಿಯುವ ಅನಿಲ ಕಾದು ಬೆಳಗುತ್ತದೆ. ಆಕಾಶದಲ್ಲಿ ಕಪ್ಪುಕುಳಿಗಳ ಸುತ್ತ ನಾವು ಕಾಣುವ ಪ್ರಖರ ಬೆಳಕು ಅದರದೇ.

ಆಕಾಶಗಂಗೆಯ ಕೇಂದ್ರದಲ್ಲಿರುವ ಕಪ್ಪುಕುಳಿಯನ್ನೇ ತೆಗೆದುಕೊಳ್ಳಿ. ಸ್ಯಾಜಿಟೇರಿಯಸ್ ಎ ಸ್ಟಾರ್ ಎಂಬ ಹೆಸರಿನ ಅದು ಸುಮಾರು 43 ಲಕ್ಷ ಸೂರ್ಯರಷ್ಟು ಭಾರವಿದೆ. ಕೇಳಲು ಭಯಾನಕ. ಆದರೆ ಸೂರ್ಯನ ಕಕ್ಷೆಯ ಒಳಭಾಗದಲ್ಲಿರುವ ನಕ್ಷತ್ರ, ಅನಿಲ ಮತ್ತು ಗುರುತ್ವದಿಂದ ಮಾತ್ರ ತನ್ನ ಸುಳಿವು ಕೊಡುವ ಅಗೋಚರ ದ್ರವ್ಯವೆಲ್ಲ ಸೇರಿದರೆ ಸುಮಾರು ಹತ್ತು ಸಾವಿರ ಕೋಟಿ ಸೂರ್ಯರಷ್ಟಾಗುತ್ತದೆ, ಅಂದರೆ ನಮ್ಮನ್ನು ಕೇಂದ್ರದ ಕಡೆಗೆ ಹಿಡಿದಿಟ್ಟಿರುವ ಗುರುತ್ವದಲ್ಲಿ ಈ ಕಪ್ಪುಕುಳಿಯ ಪಾಲು ಇಪ್ಪತ್ತು ಸಾವಿರದಲ್ಲಿ ಒಂದಂಶಕ್ಕಿಂತಲೂ ಕಡಿಮೆ. ನಾಳೆ ಬೆಳಗ್ಗೆ ಅದು ಮಾಯವಾದರೂ ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿರುವ ಸೂರ್ಯನ ಹಾದಿ ಬದಲಾದದ್ದು ಯಾರ ಗಮನಕ್ಕೂ ಬಾರದು. ನಿಮ್ಮ ಮಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಎಸ್2 ಎಂಬ ನಕ್ಷತ್ರದ್ದು. ಅದು ಆ ಕಪ್ಪುಕುಳಿಯನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅದು ಕುಳಿಗೆ ಅತಿ ಸಮೀಪ, ಅಂದರೆ ಭೂಮಿ-ಸೂರ್ಯರ ನಡುವಿನ ದೂರದ ಸುಮಾರು 120 ಪಟ್ಟು ಅಂತರದಲ್ಲಿ, ಸೆಕೆಂಡಿಗೆ 7,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾದುಹೋಯಿತು. ಹಾದು ತಿರುಗಿ ಮತ್ತೆ ದೂರಕ್ಕೆ ಹೊರಟಿತು. ಹದಿನಾರು ವರ್ಷ ಹಿಂದೆ, 2002ರಲ್ಲಿಯೂ ಹೀಗೆಯೇ ಬಂದು ಹೋಗಿತ್ತು. ಅಷ್ಟು ಹತ್ತಿರದ ನಕ್ಷತ್ರವನ್ನೇ ನುಂಗದ ಕುಳಿ ಇಷ್ಟು ದೂರದ ನಮ್ಮನ್ನು ಅರಸಿ ಬರುವುದಿಲ್ಲ. ಈ ನಕ್ಷತ್ರಗಳ ಓಟವನ್ನು ದಶಕಗಳ ಕಾಲ ಬೆನ್ನುಹತ್ತಿ ಅಳೆದ ಕೆಲಸಕ್ಕಾಗಿಯೇ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು.

ಸೂರ್ಯನೇ ಕಪ್ಪುಕುಳಿಯಾದೀತೇ ಎಂದು ಅವಳು ಕೇಳಿದರೆ, ಇಲ್ಲ ಎನ್ನಿ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು 1930ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಮಾಡಿದ ಲೆಕ್ಕದಿಂದ ಹೊರಟ ವಿಚಾರವಿದು: ಉರಿದು ಮುಗಿದ ನಕ್ಷತ್ರದ ಒಡಲು ಸುಮಾರು 1.4 ಸೂರ್ಯರಷ್ಟಕ್ಕಿಂತ ಕಡಿಮೆಯಿದ್ದರೆ ಅದು ಶ್ವೇತಕುಬ್ಜವಾಗಿ, ಅಂದರೆ ನಿಧಾನವಾಗಿ ತಣಿಯುವ ಪುಟ್ಟ ಸಾಂದ್ರ ನಕ್ಷತ್ರವಾಗಿ, ನೆಲೆ ನಿಲ್ಲುತ್ತದೆ. ಸೂರ್ಯನ ಪಾಲಿಗೆ ಬರೆದಿರುವುದು ಅದೇ. ನಮಗೆ ತಿಳಿದಿರುವ ಅತಿ ಹತ್ತಿರದ ಕಪ್ಪುಕುಳಿಯಾದ ಗಾಯಾ ಬಿಹೆಚ್1 ಕೂಡ 1,500 ಜ್ಯೋತಿರ್ವರ್ಷಗಳಿಗಿಂತ ಆಚೆಗಿದೆ, ಮತ್ತು ಅದರ ಸುತ್ತಲೂ ಸೂರ್ಯನಂಥದ್ದೇ ಒಂದು ನಕ್ಷತ್ರ ಯಾವ ತೊಂದರೆಯೂ ಇಲ್ಲದೆ ಸುತ್ತುತ್ತಿದೆ. ನಾವು ಅದನ್ನು ಪತ್ತೆಹಚ್ಚಿದ್ದೇ ಆ ಸಂಗಾತಿಯ ಓಲಾಟದಿಂದ.

ಹೀಗೆ ಹೇಳುವಾಗ ಕಪ್ಪುಕುಳಿಗಳೇ ಕಟ್ಟುಕಥೆ ಎಂಬ ಭಾವನೆ ಬರಬಾರದು. 2019ರಲ್ಲಿ ಎಂ87 ಗೆಲಾಕ್ಸಿಯ ಕುಳಿಯ ನೆರಳನ್ನು, 2022ರಲ್ಲಿ ನಮ್ಮದೇ ಆಕಾಶಗಂಗೆಯ ಕುಳಿಯ ನೆರಳನ್ನು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಜಾಲ ಪ್ರಕಟಿಸಿತು. ಆದರೆ ನನ್ನ ಮನಸ್ಸಿಗೆ ಆ ಚಿತ್ರಗಳಿಗಿಂತ ಹತ್ತಿರವಾದದ್ದು ಒಂದು ನಾದ. 1970ರಲ್ಲಿ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯನ್ನು ಕೆಣಕಿದರೆ ಅದು ಹೊಡೆದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ಬೇಗನೆ ಸುಮ್ಮನಾಗುತ್ತದೆ, ಮತ್ತು ಆ ಸ್ವರವನ್ನು ಅದರ ಗಾತ್ರ ನಿರ್ಧರಿಸುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಕಪ್ಪುಕುಳಿ ಇದೆಯೋ ಇಲ್ಲವೋ ಎಂದೇ ಹಲವರು ಅನುಮಾನಿಸುತ್ತಿದ್ದ ಕಾಲವದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳಿಗೆ ಮೊದಲ ಗುರುತ್ವ ಅಲೆಗಳು, ಅಂದರೆ ದೇಶಕಾಲದಲ್ಲೇ ಹರಡುವ ಕಂಪನಗಳು, ತಾಗಿದವು: ಸುಮಾರು 36 ಮತ್ತು 29 ಸೂರ್ಯರಷ್ಟು ಭಾರದ ಎರಡು ಕುಳಿಗಳು ಕೂಡಿ ಒಂದಾಗುವಾಗ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹರಡಿಹೋದ ಘಟನೆ. ಸಂಕೇತದ ಕೊನೆಯಲ್ಲಿ ಮಿಡಿದು ಆರಿಹೋದ ಆ ಪುಟ್ಟ ಬಾಲ ವಿಶ್ವೇಶ್ವರ ಅವರು 45 ವರ್ಷ ಮೊದಲು ಬರೆದಿಟ್ಟಿದ್ದ ಬಗೆಯದೇ ಆಗಿತ್ತು. 2017ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ಅವರು ಅದನ್ನು ಕಾಣುವಂತಾಯಿತು ಎಂಬುದು ನನಗೆ ಇಂದಿಗೂ ಸಮಾಧಾನ ಕೊಡುವ ಸಂಗತಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಸಬೇಕು. ಕಪ್ಪುಕುಳಿಯೆಂದರೆ ಊಹೆಗೂ ಮೀರಿ ಒತ್ತಿ ತುಂಬಿದ ವಸ್ತು, ಹಾಗಿರುವಾಗ ಇಷ್ಟು ಖಾಲಿಯಾಗಿರುವ ವಿಶ್ವ ಕಪ್ಪುಕುಳಿಯಾಗುವುದು ಹೇಗೆ ಎಂದು ಕೆಲವರು ವಾದಿಸುತ್ತಾರೆ. ನಿಮ್ಮ ಮಗಳ ಭಯಕ್ಕೆ ಈ ಉತ್ತರ ಕೊಡಬೇಡಿ, ಏಕೆಂದರೆ ಅದು ನಿಲ್ಲುವುದಿಲ್ಲ. ಕುಳಿಯ ತ್ರಿಜ್ಯ ಅದರ ದ್ರವ್ಯರಾಶಿಯ ಅನುಪಾತದಲ್ಲಿ ಬೆಳೆಯುತ್ತದೆ, ಗಾತ್ರವಾದರೋ ತ್ರಿಜ್ಯದ ಘನದಷ್ಟು ಬೆಳೆಯುತ್ತದೆ; ಹೀಗಾಗಿ ಕುಳಿ ದೊಡ್ಡದಾದಷ್ಟೂ ಅದರ ಸರಾಸರಿ ಸಾಂದ್ರತೆ ಕುಸಿಯುತ್ತಾ ಹೋಗುತ್ತದೆ. ಎಂ87ರ ಕುಳಿ ಸುಮಾರು 650 ಕೋಟಿ ಸೂರ್ಯರಷ್ಟು ಭಾರವಿದೆ. ಅದರ ದ್ರವ್ಯರಾಶಿಯನ್ನು ಅದರ ದಿಗಂತದೊಳಗಿನ ಗಾತ್ರದಿಂದ ಭಾಗಿಸಿದರೆ ಬರುವ ಸಾಂದ್ರತೆ ನಾವು ಉಸಿರಾಡುವ ಗಾಳಿಯದಕ್ಕಿಂತ ಕಡಿಮೆ. ಕಪ್ಪುಕುಳಿಯನ್ನು ಕಪ್ಪುಕುಳಿ ಮಾಡುವುದು ಅದರ ಘಟನಾ ದಿಗಂತ: ಒಳಗಿನಿಂದ ಹೊರಟ ಬೆಳಕು ಎಂದೆಂದಿಗೂ ಹೊರಗಿನವರನ್ನು ತಲುಪದ ಗಡಿ. ಈ ಮಾತಿನಲ್ಲಿ 'ಹೊರಗಿನವರು' ಎಂಬ ಪದ ಬಹಳ ಮುಖ್ಯ, ಅದಕ್ಕೆ ಮುಂದೆ ಮರಳುತ್ತೇನೆ.

ನೀವು ತೆಗೆದುಕೊಂಡ 10ರ ಘಾತ 53 ಕಿಲೋಗ್ರಾಂ ಎಂಬುದು ನಮಗೆ ಕಾಣಬಹುದಾದ ಇಡೀ ವಿಶ್ವದಲ್ಲಿರುವ ಸಾಮಾನ್ಯ ದ್ರವ್ಯದ ಒರಟು ಅಂದಾಜು. ಆದರೆ ಕಾಣಬಹುದಾದ ವಿಶ್ವದ ತ್ರಿಜ್ಯ 1,380 ಕೋಟಿ ಜ್ಯೋತಿರ್ವರ್ಷವಲ್ಲ. ಬೆಳಕು ನಮ್ಮತ್ತ ಬರುತ್ತಿದ್ದ ಕಾಲದುದ್ದಕ್ಕೂ ವಿಶ್ವ ಹಿಗ್ಗುತ್ತಲೇ ಇದ್ದುದರಿಂದ ಆ ಬೆಳಕು ಹೊರಟ ಸ್ಥಳಗಳು ಇಂದು ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಸರಿದಿವೆ. ದೊಡ್ಡ ಗೋಳದ ದ್ರವ್ಯವನ್ನು ತೆಗೆದುಕೊಂಡು ಚಿಕ್ಕ ಗೋಳದ ತ್ರಿಜ್ಯಕ್ಕೆ ಹೋಲಿಸಿದ್ದು ಒಂದು ತಪ್ಪು. ಸಾಮಾನ್ಯ ದ್ರವ್ಯ ವಿಶ್ವದ ಒಟ್ಟು ಸರಕಿನಲ್ಲಿ ನೂರರಲ್ಲಿ ಐದು ಪಾಲು ಮಾತ್ರ. ಸುಮಾರು 27 ಪಾಲು ಅಗೋಚರ ದ್ರವ್ಯ, ಸುಮಾರು 68 ಪಾಲು ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಅಗೋಚರ ಶಕ್ತಿ. ಅವನ್ನು ಬಿಟ್ಟದ್ದು ಇನ್ನೊಂದು ತಪ್ಪು. ಒಂದು ತಪ್ಪು ಉತ್ತರವನ್ನು ಹಿಗ್ಗಿಸಿತು, ಇನ್ನೊಂದು ಕುಗ್ಗಿಸಿತು, ಎರಡೂ ಸರಿದೂಗಿ ನಿಮ್ಮ ಸಂಖ್ಯೆ ಹೊಂದಿಕೊಂಡಿತು. ಎಲ್ಲವನ್ನೂ ಸೇರಿಸಿ 4,600 ಕೋಟಿ ಜ್ಯೋತಿರ್ವರ್ಷದ ಗೋಳಕ್ಕೆ ಲೆಕ್ಕ ಮಾಡಿದರೆ ಸೂತ್ರದಿಂದ ಬರುವ ತ್ರಿಜ್ಯ ಸುಮಾರು 47,000 ಕೋಟಿ ಜ್ಯೋತಿರ್ವರ್ಷ, ಅಂದರೆ ಗೋಳದ ಹತ್ತು ಪಟ್ಟು.

ಇಷ್ಟಕ್ಕೇ ನಿಲ್ಲಿಸಿ, ನೋಡಿ ನಿಮ್ಮ ಲೆಕ್ಕ ತಪ್ಪು, ಭಯಪಡಬೇಡಿ ಎಂದು ನಾನು ಹೇಳಿಬಿಡಬಹುದಿತ್ತು. ಅದು ಸರಿಯಾಗುತ್ತಿರಲಿಲ್ಲ. ಏಕೆಂದರೆ ಸರಿಯಾದ ಜೋಡಿಯನ್ನು ಹಿಡಿದು ಲೆಕ್ಕ ಮಾಡಿದರೆ ಎರಡೂ ಸಂಖ್ಯೆಗಳು ಹೆಚ್ಚುಕಡಿಮೆಯಲ್ಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಗುತ್ತವೆ. ಆ ಸರಿಯಾದ ತ್ರಿಜ್ಯವನ್ನು ಹಬಲ್ ತ್ರಿಜ್ಯ ಎನ್ನುತ್ತೇವೆ: ವಿಶ್ವದ ಹಿಗ್ಗುವಿಕೆಯಿಂದಾಗಿ ಗೆಲಾಕ್ಸಿಗಳು ಬೆಳಕಿನ ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿರುವ ಅಂತರ, ಇಂದು ಸುಮಾರು 1,400 ಕೋಟಿ ಜ್ಯೋತಿರ್ವರ್ಷ. ಆ ಗೋಳದೊಳಗಿನ ಸಮಸ್ತವನ್ನೂ ಕೂಡಿಸಿ ಸೂತ್ರಕ್ಕೆ ಹಾಕಿ, ಉತ್ತರ ಅದೇ ಹಬಲ್ ತ್ರಿಜ್ಯ. ಏಕೆ?

ಒಂದು ಕಲ್ಲನ್ನು ಮೇಲಕ್ಕೆ ಎಸೆದರೆ ಮೂರರಲ್ಲಿ ಒಂದು ಆಗಬಹುದು. ಅದು ವಾಪಸ್ಸು ಬೀಳಬಹುದು, ತಪ್ಪಿಸಿಕೊಂಡು ಹೋಗಬಹುದು, ಅಥವಾ ಎರಡರ ನಡುವಿನ ಗಡಿಯಲ್ಲಿ, ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಸರಿಯಾಗಿ ಅಷ್ಟೇ ವೇಗದಲ್ಲಿ ಹೋಗುತ್ತಿರಬಹುದು. ವಿಶ್ವದ ಹಿಗ್ಗುವಿಕೆಗೂ ಇದೇ ಮೂರು ಸಾಧ್ಯತೆಗಳನ್ನು ಬರೆಯಬಹುದು. ಗಡಿಯ ಮೇಲಿರುವ ವಿಶ್ವವನ್ನು ಸಮತಲ ವಿಶ್ವ ಎನ್ನುತ್ತೇವೆ, ಅಲ್ಲಿ ಎಷ್ಟು ದೊಡ್ಡ ತ್ರಿಕೋನ ಎಳೆದರೂ ಒಳಕೋನಗಳ ಮೊತ್ತ ಶಾಲೆಯಲ್ಲಿ ಕಲಿತ 180 ಡಿಗ್ರಿಯೇ. ಮಹಾಸ್ಫೋಟದ ಕಾಲದಿಂದ ಉಳಿದ ಹಿನ್ನೆಲೆ ವಿಕಿರಣವನ್ನು ಅಳೆದು ನೋಡಿದಾಗ, ನಮ್ಮ ವಿಶ್ವ ಈ ಗಡಿಯಿಂದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿದೆ ಎಂದು ತಿಳಿದಿದೆ. ಅಂದರೆ ಯಾವ ಅಂತರದಲ್ಲಿ ನೋಡಿದರೂ ಹಿಗ್ಗುವ ವೇಗವೂ, ಆ ಅಂತರದೊಳಗಿನ ದ್ರವ್ಯದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗವೂ ಸಮ. ಹಬಲ್ ತ್ರಿಜ್ಯದಲ್ಲಿ ಹಿಗ್ಗುವ ವೇಗ ಬೆಳಕಿನ ವೇಗ. ಹಾಗಿದ್ದ ಮೇಲೆ ಅಲ್ಲಿ ತಪ್ಪಿಸಿಕೊಳ್ಳುವ ವೇಗವೂ ಬೆಳಕಿನ ವೇಗವೇ ಆಗಬೇಕು. ತಪ್ಪಿಸಿಕೊಳ್ಳುವ ವೇಗ ಬೆಳಕಿನ ವೇಗಕ್ಕೆ ಸಮವಾಗುವ ತ್ರಿಜ್ಯ ಯಾವುದು? ನೀವು ಬಳಸಿದ ಸೂತ್ರ ಕೊಡುವುದು ಅದನ್ನೇ. ನೀವು ಕಂಡದ್ದು ವಿಶ್ವ ಕಪ್ಪುಕುಳಿ ಎಂಬುದಕ್ಕೆ ಸಾಕ್ಷ್ಯವಲ್ಲ. ವಿಶ್ವ ಸಮತಲವಾಗಿದೆ ಎಂಬ ಸಂಗತಿಯನ್ನೇ ಬೇರೆ ಬಟ್ಟೆ ತೊಡಿಸಿ ಕಂಡಿರಿ. ನಾನು ವಿದ್ಯಾರ್ಥಿಯಾಗಿದ್ದಾಗ ಈ ಸಮೀಕರಣವನ್ನು ಮೊದಲ ಬಾರಿ ಬಿಡಿಸಿ, ಎರಡು ಬದಿಯೂ ಒಂದೇ ಆದುದನ್ನು ನೋಡಿ ಒಂದು ಇಡೀ ಸಂಜೆ ಬೆರಗಾಗಿ ಕುಳಿತಿದ್ದೆ. ಆದ್ದರಿಂದ ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಆ ಸೂತ್ರ ಹೇಳುವುದು ಕಪ್ಪುಕುಳಿಯನ್ನು ಏಕಲ್ಲ? ಆ ಸೂತ್ರದ ಮೂಲ, ಐನ್‌ಸ್ಟೈನ್ ಅವರ ಗುರುತ್ವ ಸಮೀಕರಣಗಳಿಗೆ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಕಂಡುಕೊಂಡ ಪರಿಹಾರ. ಅದು 1916ರಲ್ಲಿ ಪ್ರಕಟವಾದಾಗ ಅದು ಹೇಳಿದ್ದು ಒಂದು ಗೋಳಾಕಾರದ ವಸ್ತುವಿನ ಸುತ್ತ, ಖಾಲಿ ಜಾಗದಲ್ಲಿ, ಗುರುತ್ವ ಹೇಗಿರುತ್ತದೆ ಎಂಬುದನ್ನು. ವಸ್ತು ಒಂದೆಡೆ, ಅದರಾಚೆ ಖಾಲಿತನ, ಆ ಖಾಲಿತನದಲ್ಲಿ ನಿಂತು ನೋಡುವವರು: ಇಷ್ಟಿದ್ದರೆ ಮಾತ್ರ ಅದರ ತ್ರಿಜ್ಯ ಘಟನಾ ದಿಗಂತದ ಅರ್ಥ ಪಡೆಯುತ್ತದೆ. ನಮ್ಮ ವಿಶ್ವದಲ್ಲಿ ಹಬಲ್ ತ್ರಿಜ್ಯದ ಆಚೆಗೂ ಈಚೆಗೂ ಗೆಲಾಕ್ಸಿಗಳು ಒಂದೇ ಸಮನೆ ಹರಡಿವೆ. ಆ ಗೋಳಕ್ಕೆ ಕೇಂದ್ರವಾಗಿರುವುದು ನಾವು ನಿಂತಿರುವ ಜಾಗ ಮಾತ್ರ. ಬೇರೆ ಗೆಲಾಕ್ಸಿಯಲ್ಲಿರುವವರು ತಮ್ಮ ಸುತ್ತ ತಮ್ಮದೇ ಗೋಳ ಎಳೆದುಕೊಳ್ಳುತ್ತಾರೆ. ಹೊರಗಿನವರೇ ಇಲ್ಲದ ಕಡೆ, ಒಳಗಿನಿಂದ ಬೆಳಕು ಹೊರಗಿನವರನ್ನು ತಲುಪದು ಎಂಬ ಮಾತಿಗೆ ಅರ್ಥವಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಕಪ್ಪುಕುಳಿಯ ಒಳಗಿನ ಸ್ವರೂಪದಲ್ಲಿದೆ. ದಿಗಂತ ದಾಟಿದ ಮೇಲೆ ದೇಶ ಮತ್ತು ಕಾಲ ತಮ್ಮ ಪಾತ್ರ ಬದಲಿಸಿಕೊಳ್ಳುತ್ತವೆ. ಹೊರಗಿನಿಂದ ಕೇಂದ್ರ ಎಂದು ಕಾಣುತ್ತಿದ್ದುದು ಒಳಗೆ ಹೋದವರಿಗೆ ಒಂದು ಸ್ಥಳವಾಗಿ ಉಳಿಯದೆ, ನಾಳೆಯಂತೆ ಬಂದೇ ಬರುವ ಒಂದು ಗಳಿಗೆಯಾಗುತ್ತದೆ. ಸಿಂಗ್ಯುಲಾರಿಟಿ ಎಂದು ಕರೆಯುವುದು ಆ ಗಳಿಗೆಯನ್ನೇ. ಕುಳಿ ತಿರುಗುತ್ತಿಲ್ಲ ಎಂದುಕೊಂಡರೆ, ನಮ್ಮ ಆಕಾಶಗಂಗೆಯ ಕುಳಿಯೊಳಗೆ ಬಿದ್ದವರಿಗೆ ಹೆಚ್ಚೆಂದರೆ ಸುಮಾರು ಒಂದು ನಿಮಿಷ, ಎಂ87ರದ್ದರಲ್ಲಿ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಉಳಿದಿರುತ್ತದೆ. ಆ ಸಮಯದಲ್ಲಿ ಅವರ ಸುತ್ತಲಿನ ಜಾಗ ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ, ಉಳಿದೆರಡು ದಿಕ್ಕುಗಳಲ್ಲಿ ಕುಗ್ಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ಉದ್ದವಾಗಿ ಸಣ್ಣಗಾಗುತ್ತದಲ್ಲ, ಹಾಗೆ. ನಮ್ಮ ವಿಶ್ವ ಹೀಗಿಲ್ಲ. ಅದು ಎಲ್ಲ ದಿಕ್ಕಿಗೂ ಒಂದೇ ಸಮನೆ ಹಿಗ್ಗುತ್ತಿದೆ. ಹಿನ್ನೆಲೆ ವಿಕಿರಣದ ಉಷ್ಣತೆ ಆಕಾಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ಬದಲಾಗುವುದು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ, ನಮ್ಮದೇ ಚಲನೆಯಿಂದ ಬರುವ ವ್ಯತ್ಯಾಸವನ್ನು ಕಳೆದ ಮೇಲೆ. ಹಿಂಡಿದ ಬಟ್ಟೆಯಂಥ ವಿಶ್ವದಲ್ಲಿ ಇದು ಸಾಧ್ಯವೇ ಇಲ್ಲ. ಇದಲ್ಲದೆ ಅತಿಸಾಂದ್ರ ಸ್ಥಿತಿ ಕಪ್ಪುಕುಳಿಯಲ್ಲಿ ಭವಿಷ್ಯದಲ್ಲಿದೆ. ನಮ್ಮ ಪಾಲಿಗೆ ಅದು 1,380 ಕೋಟಿ ವರ್ಷ ಹಿಂದೆ ಆಗಿಹೋಗಿದೆ. ವಿಡಿಯೋ ಮಾಡಿದವರು ಗಮನಿಸದೇ ಬಿಟ್ಟದ್ದು ಇದನ್ನೇ.

ಇಷ್ಟಾದ ಮೇಲೂ ಉಳಿಯುವ ಒಂದು ಎಳೆ ಇದೆ. ಕುಸಿಯುತ್ತಿರುವ ನಕ್ಷತ್ರದ ಒಡಲನ್ನು ಸಮನಾದ ಧೂಳಿನ ಗೋಳ ಎಂದು ಊಹಿಸಿ ಆಪನ್‌ಹೈಮರ್ ಮತ್ತು ಸ್ನೈಡರ್ 1939ರಲ್ಲಿ ಲೆಕ್ಕ ಮಾಡಿದಾಗ, ಗೋಳದ ಒಳಭಾಗಕ್ಕೆ ಬಂದ ಸಮೀಕರಣ ವಿಶ್ವದ ಹಿಗ್ಗುವಿಕೆಯ ಸಮೀಕರಣವೇ ಆಗಿತ್ತು, ಕಾಲವನ್ನು ತಿರುಗಿಸಿದರೆ. ಅಂದರೆ ಬಹು ದೊಡ್ಡದೊಂದು ಹಿಗ್ಗುವ ಗೋಳದೊಳಗೆ, ಅಂಚು ನಮ್ಮ ಕಣ್ಣಿಗೆ ಎಟುಕದಷ್ಟು ಒಳಗೆ ನಾವಿದ್ದರೆ, ಹೊರಗಿನಿಂದ ಅದು ಕಪ್ಪುಕುಳಿಯ ತಿರುಗುಮುರುಗಾದ, ಒಳಗಿನದನ್ನು ಹೊರಕ್ಕೆ ಮಾತ್ರ ಚೆಲ್ಲುವ ಬಿಳಿಕುಳಿಯಾಗಿ ಕಾಣಬಹುದು. ಈ ಸುಳಿವನ್ನು ಹಿಡಿದು ಹಲವರು ಮುಂದೆ ನಡೆದಿದ್ದಾರೆ. ಭೌತವಿಜ್ಞಾನಿ ಆರ್. ಕೆ. ಪಥ್ರಿಯಾ ಅವರು 1972ರಲ್ಲಿ ವಿಶ್ವವನ್ನು ಕಪ್ಪುಕುಳಿಯಾಗಿ ನೋಡುವ ಸಾಧ್ಯತೆಯನ್ನು ಮಂಡಿಸಿದರು. ಕಪ್ಪುಕುಳಿಯೊಳಗೆ ಕುಸಿದ ದ್ರವ್ಯ ಸಿಂಗ್ಯುಲಾರಿಟಿಯನ್ನು ಮುಟ್ಟದೆ ಪುಟಿದು ಹೊಸ ವಿಶ್ವವಾಗಿ ಹಿಗ್ಗುತ್ತದೆ ಎಂಬ ಊಹೆಯ ಮೇಲೆ ಲೀ ಸ್ಮೋಲಿನ್ 1992ರಲ್ಲಿ, ವಿಶ್ವಗಳು ಕುಳಿಗಳ ಮೂಲಕ ಮರಿ ಹಾಕುತ್ತವೆ ಎಂಬ ವಿಚಾರವನ್ನು ಕಟ್ಟಿದರು.

ಇವನ್ನು ಒಪ್ಪುವುದರಲ್ಲಿ ಏನು ಅಪಾಯವಿದೆ ಎಂದು ನೀವು ತೂಗಿ ನೋಡಬೇಕು. ಪುಟಿಯುವಿಕೆ ನಡೆಯುವ ಸಾಂದ್ರತೆಯಲ್ಲಿ ಗುರುತ್ವ ಹೇಗೆ ವರ್ತಿಸುತ್ತದೆ ಎಂದು ಹೇಳುವ, ಪ್ರಯೋಗದಲ್ಲಿ ಗೆದ್ದ ಸಿದ್ಧಾಂತ ಇಂದು ಯಾವುದೂ ಇಲ್ಲ. ಸ್ಮೋಲಿನ್ ಅವರ ವಿಚಾರದ ಗುಣವೆಂದರೆ ಅದು ಪರೀಕ್ಷೆಗೆ ತಲೆಯೊಡ್ಡಿತು. ದೊಡ್ಡ ನಕ್ಷತ್ರಗಳು ಸಿಡಿದ ಮೇಲೆ ಉಳಿಯುವ ಅತಿಸಾಂದ್ರ ಒಡಲುಗಳಾದ ನ್ಯೂಟ್ರಾನ್ ನಕ್ಷತ್ರಗಳು ಒಂದು ಮಿತಿಗಿಂತ ಭಾರವಾಗಿರಬಾರದು ಎಂದು ಅದು ಹೇಳಿತು. 2010ರಿಂದ ಈಚೆಗೆ ಎರಡು ಸೂರ್ಯರಷ್ಟು ಭಾರದ ನ್ಯೂಟ್ರಾನ್ ನಕ್ಷತ್ರಗಳು ಸಿಕ್ಕಿ ಆ ಮಾತು ಇಕ್ಕಟ್ಟಿಗೆ ಸಿಲುಕಿದೆ. ಬಿಳಿಕುಳಿಯ ವಾದಕ್ಕೆ ಆ ಗುಣವೂ ಇಲ್ಲ: ಅಂಚು ಎಂದಿಗೂ ಕಾಣುವುದಿಲ್ಲ ಎಂದಾದರೆ ಇದೆ ಎಂದರೂ ಇಲ್ಲ ಎಂದರೂ ನಮ್ಮ ಅಳತೆಗಳಲ್ಲಿ ಏನೂ ಬದಲಾಗದು. ಬರಿಯ ಸಮತಲ ವಿಶ್ವ ಎಂದು ಒಪ್ಪುವವರಿಗೂ ಸಾಲವೊಂದು ಉಳಿಯುತ್ತದೆ, ವಿಶ್ವ ಅಷ್ಟು ನಿಖರವಾಗಿ ಗಡಿಯ ಮೇಲೆ ಬಂದು ನಿಂತದ್ದೇಕೆ ಎಂದು ಅವರು ಹೇಳಬೇಕಾಗುತ್ತದೆ. ಆರಂಭದ ಕ್ಷಣದಲ್ಲಿ ವಿಶ್ವ ಅತಿ ವೇಗವಾಗಿ ಉಬ್ಬಿ ತನ್ನ ಸುಕ್ಕುಗಳನ್ನೆಲ್ಲ ಬಿಡಿಸಿಕೊಂಡಿತು ಎಂಬುದು ಅಲನ್ ಗೂತ್ 1981ರಲ್ಲಿ ಕೊಟ್ಟ ಉತ್ತರ. ಅದು ಬಹುಮಟ್ಟಿಗೆ ಹೊಂದುತ್ತದೆ, ಪೂರ್ತಿ ಸಾಬೀತಾಗಿಲ್ಲ. ನಾನು ಈ ಮೂರರಲ್ಲಿ ಕೊನೆಯದರ ಕಡೆ ನಿಲ್ಲುತ್ತೇನೆ, ಏಕೆಂದರೆ ಅಳೆದ ಸಂಗತಿಗಳಿಗಿಂತ ಹೆಚ್ಚಿನದನ್ನು ಅದು ಅತಿ ಕಡಿಮೆ ಬೇಡುತ್ತದೆ.

ವಿಡಿಯೋದಲ್ಲಿ ಹೇಳಿದ ಹೊಸ ಸಾಕ್ಷ್ಯ ಎಂದರೆ ಬಹುಶಃ 2025ರಲ್ಲಿ ಸುದ್ದಿಯಾದ ಒಂದು ಲೇಖನ. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ 263 ಗೆಲಾಕ್ಸಿಗಳನ್ನು ಎಣಿಸಿದಾಗ ಸುಮಾರು ನೂರಕ್ಕೆ ಅರವತ್ತು ಒಂದೇ ದಿಕ್ಕಿನಲ್ಲಿ ತಿರುಗುವಂತೆ ಕಂಡವು, ತಿರುಗುವ ಕಪ್ಪುಕುಳಿಯಲ್ಲಿ ಹುಟ್ಟಿದ ವಿಶ್ವಕ್ಕೆ ಹಾಗೊಂದು ಒಲವು ಇರಬಹುದು ಎಂಬುದು ವಾದ. ಸುದ್ದಿಯಲ್ಲಿ ಬಿಟ್ಟುಹೋದದ್ದು, ಅದೇ ಲೇಖನ ಇನ್ನೊಂದು ವಿವರಣೆಯನ್ನೂ ಮುಂದಿಟ್ಟಿದೆ ಎಂಬುದು: ನಾವು ಆಕಾಶಗಂಗೆಯೊಡನೆ ತಿರುಗುತ್ತಿರುವುದರಿಂದ ನಮಗೆ ಎದುರಾಗಿ ತಿರುಗುವ ಗೆಲಾಕ್ಸಿಗಳು ತುಸು ಹೆಚ್ಚು ಬೆಳಗಿ ಕಾಣಬಹುದು, ಹಾಗಾಗಿ ಎಣಿಕೆಗೆ ಹೆಚ್ಚು ಸಿಗಬಹುದು. ಆಕಾಶದ ಒಂದು ಪುಟ್ಟ ತುಣುಕಿನಲ್ಲಿನ 263ರ ಮೇಲೆ ಇಡೀ ವಿಶ್ವದ ಹುಟ್ಟನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಾವು ನಿಜಕ್ಕೂ ಹಾಗೆ ಹುಟ್ಟಿದ್ದರೆ ನಮ್ಮ ಗತಿ ಏನು ಎಂದು ಕೇಳಿದ್ದೀರಿ. ಪುಟಿಯುವಿಕೆಯ ವಾದವೇ ಸರಿಯೆಂದಿಟ್ಟುಕೊಳ್ಳಿ, ಆಗ ದಿಗಂತ ನಮ್ಮ ಹಿಂದಿನ ಕಾಲದಲ್ಲಿದೆ, ಬೀಳಬೇಕಾದದ್ದೆಲ್ಲ ಬಿದ್ದು ಮುಗಿದಿದೆ. ನಕ್ಷತ್ರಗಳು ಉರಿಯುವ ರೀತಿ, ಗ್ರಹಗಳು ಸುತ್ತುವ ರೀತಿ, ಒಂದು ಎಳೆಯೂ ಬದಲಾಗುವುದಿಲ್ಲ. ವಿಶ್ವ ಹಿಗ್ಗುತ್ತಲೇ ಹೋಗುತ್ತದೆ. 1998ರಲ್ಲಿ ಕಂಡುಬಂದಂತೆ, ಆ ಹಿಗ್ಗುವಿಕೆ ವೇಗ ಪಡೆಯುತ್ತಲೂ ಇದೆ.

ಮಗಳಿಗೆ ಏನು ಹೇಳಬೇಕು ಎಂಬುದು ಉಳಿಯಿತು. ಅದೆಲ್ಲ ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಇಂದು ರಾತ್ರಿಗೆ ಸಮಾಧಾನವಾಗಬಹುದು, ಆದರೆ ನಾಳೆ ಅವಳು ಅದೇ ಸೂತ್ರವನ್ನು ಇನ್ನೆಲ್ಲೋ ಕಂಡಾಗ ನಿಮ್ಮ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ. ವಿಜ್ಞಾನಿಗಳಿಗೇ ಗೊತ್ತಿಲ್ಲವಂತೆ ಎಂದರೆ ಇನ್ನೂ ಕೆಡುಕು, ಗೊತ್ತಿರುವುದೂ ಗೊತ್ತಿಲ್ಲದ್ದೂ ಕಲಸಿಹೋಗುತ್ತದೆ, ಮತ್ತು ಭಯ ಬೆಳೆಯುವುದು ಆ ಕಲಸಿನಲ್ಲೇ. ಎಸ್2 ನಕ್ಷತ್ರದ ಕಕ್ಷೆಯನ್ನು ಅವಳೊಡನೆ ಕಾಗದದ ಮೇಲೆ ಬರೆಯಿರಿ, ಅದು 2034ರಲ್ಲಿ ಮತ್ತೆ ಬರುತ್ತದೆ ಎಂದು ಹೇಳಿ. ನಿದ್ದೆಯ ತೊಂದರೆ ಇನ್ನೂ ಕೆಲವು ವಾರ ಮುಂದುವರಿದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅದು ನನ್ನ ವಿಷಯದ ಆಚೆಗಿನದು, ಹಾಗೆಂದು ಅದನ್ನು ಹಗುರವಾಗಿ ಕಾಣಬಾರದು.

ಅದಾದ ಮೇಲೆ ನಿಮ್ಮ ಲೆಕ್ಕಕ್ಕೇ ಮತ್ತೆ ಕುಳಿತುಕೊಳ್ಳಿ, ಈ ಸಲ ಅವಳ ಕೈಗೆ ಪೆನ್ಸಿಲ್ ಕೊಟ್ಟು. ಸಾಂದ್ರತೆಯನ್ನು ಎಲ್ಲೆಡೆ ಒಂದೇ ಎಂದು ಇಟ್ಟುಕೊಂಡು ಹಬಲ್ ತ್ರಿಜ್ಯದ ಅರ್ಧದಷ್ಟು ಗೋಳಕ್ಕೆ ಸೂತ್ರ ಹಾಕಲಿ. ದ್ರವ್ಯ ಎಂಟನೇ ಒಂದಕ್ಕೆ ಇಳಿಯುತ್ತದೆ, ಸೂತ್ರದ ತ್ರಿಜ್ಯ ಆ ಗೋಳದ ಕಾಲು ಭಾಗ ಮಾತ್ರ ಬರುತ್ತದೆ. ಎರಡರಷ್ಟು ಗೋಳಕ್ಕೆ ಹಾಕಿದರೆ ಗೋಳದ ನಾಲ್ಕು ಪಟ್ಟು. ತಾಳೆಯಾಗುವುದು ಹಬಲ್ ತ್ರಿಜ್ಯ ಒಂದರಲ್ಲೇ ಎಂದು ತನ್ನ ಕೈಬರಹದಲ್ಲೇ ನೋಡಿದ ಮೇಲೆ ಅವಳು ಬಹುಶಃ ಕೇಳುವುದು, ಸಾಂದ್ರತೆ ಹಾಗೆ ಸರಿಯಾಗಿ ಗಡಿಯ ಮೇಲೆಯೇ ಏಕಿದೆ ಎಂದು. ಆಗ ನನಗೆ ಮತ್ತೆ ಬರೆಯಿರಿ, ಉಬ್ಬುವಿಕೆಯ ವಾದವನ್ನೂ ಅದಕ್ಕಿರುವ ಆಕ್ಷೇಪಗಳನ್ನೂ ಅವಳಿಗೆ ಅರ್ಥವಾಗುವಂತೆ ವಿವರವಾಗಿ ಬರೆದು ಕಳುಹಿಸುತ್ತೇನೆ.